ಅಜ್ಜನ ಮಳೆ ಪುಸ್ತಕ, ಮೊಮ್ಮಗಳ ಪೈಥಾನ್

ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿದು ಪಿಯು ಕಾಲೇಜು ಶುರುವಾಗುವವರೆಗೆ ಹೆಚ್ಚುಕಡಿಮೆ ಎರಡು ತಿಂಗಳು ಸಿಗುತ್ತದೆ. ಮಂಗಳೂರು, ಉಡುಪಿ ಕಡೆಯ ಮಕ್ಕಳಿಗೆ ಪ್ರೋಗ್ರಾಮಿಂಗ್ ಕಲಿಯಲು ಇದಕ್ಕಿಂತ ಒಳ್ಳೆಯ ಹೊತ್ತು ಇಲ್ಲ. ಆಮೇಲೆ ಸಿಇಟಿ, ಜೆಇಇ ಕೋಚಿಂಗ್ ಹಿಡಿದುಕೊಂಡರೆ ಎರಡು ವರ್ಷ ತಲೆಯೆತ್ತಲು ಬಿಡುವುದಿಲ್ಲ. ಇದೇ ಎರಡು ತಿಂಗಳಿಗೆ ಕಣ್ಣಿಟ್ಟು ಪೇಟೆಯ ತುಂಬ ಬೋರ್ಡುಗಳೂ ಏಳುತ್ತವೆ: ಮೂವತ್ತು ದಿನದಲ್ಲಿ ಸಿ, ಜಾವಾ, ಪೈಥಾನ್, ಎಐ ನಾಲ್ಕೂ, ಕೊನೆಗೆ ಒಂದು ಸರ್ಟಿಫಿಕೇಟು. ಮೂರು ಭಾಷೆಯಲ್ಲಿ "ಹಲೋ" ಬರೆಯಲು ಬರುವ ಹುಡುಗನಿಗೂ ಒಂದೇ ಭಾಷೆಯಲ್ಲಿ ಮನೆಯವರು ನಿಜವಾಗಿ ಬಳಸುವ ಒಂದು ಪ್ರೋಗ್ರಾಂ ಬರೆದು, ಅದು ಕೆಟ್ಟಾಗ ಸರಿ ಮಾಡಿದ ಹುಡುಗಿಗೂ ಇರುವ ವ್ಯತ್ಯಾಸ ಐದು ವರ್ಷ ಕಳೆದು ಇಂಟರ್‌ವ್ಯೂನ ಮೊದಲ ಹತ್ತು ನಿಮಿಷದಲ್ಲಿ ಗೊತ್ತಾಗುತ್ತದೆ. ಈ ಬರಹ ಎರಡನೆಯ ದಾರಿಯ ಬಗ್ಗೆ; ಭಾಷೆ ಪೈಥಾನ್, ಕಚ್ಚಾವಸ್ತು ಅಜ್ಜ ಬರೆದಿಟ್ಟ ಮಳೆ ಪುಸ್ತಕ.

ಮೊದಲು ಯಂತ್ರ. 8 ಜಿಬಿ ರ‍್ಯಾಮ್, 256 ಜಿಬಿ ಎಸ್‌ಎಸ್‌ಡಿ ಇರುವ ಲ್ಯಾಪ್‌ಟಾಪ್ ಧಾರಾಳ ಸಾಕು. ಆಫೀಸುಗಳಿಂದ ಬಂದ ಸೆಕೆಂಡ್ ಹ್ಯಾಂಡ್ ಆದರೂ ಆದೀತು. ಕೊಳ್ಳುವಾಗ ಬ್ಯಾಟರಿ ಒಂದು ಗಂಟೆಯಾದರೂ ನಿಲ್ಲುತ್ತದೆಯೇ, ಕೀಬೋರ್ಡಿನ ಬ್ರಾಕೆಟ್, ಕೋಲನ್ ಕೀಲಿಗಳು ಒತ್ತುತ್ತವೆಯೇ ನೋಡಿ. ಮನೆಯಲ್ಲಿ 4 ಜಿಬಿಯ ಹಳೆಯ ಯಂತ್ರ ಬಿದ್ದಿದ್ದರೆ ಎಸೆಯಬೇಡಿ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಅಂಥ ಯಂತ್ರಕ್ಕೆ ಲಿನಕ್ಸ್ ಎಂಬ ಉಚಿತ ಆಪರೇಟಿಂಗ್ ಸಿಸ್ಟಮಿನ ಹಗುರವಾದ ಒಂದು ರೂಪ ಹಾಕಿದರೆ ಪೈಥಾನ್ ಕಲಿಕೆಗೆ ಏನೂ ಕೊರತೆಯಾಗದು. ಮೊಬೈಲಿನಲ್ಲಿ ಪೈಡ್ರಾಯ್ಡ್ ಎಂಬ ಆ್ಯಪ್ ಇದೆ, ಪ್ರೋಗ್ರಾಂ ಓಡುತ್ತದೆ. ಆದರೆ ಬೆರಳಲ್ಲಿ ನಾಲ್ಕು ಸ್ಪೇಸ್ ಒತ್ತಿ, ಬ್ರಾಕೆಟ್ ಹುಡುಕಿ ಬರೆಯುವಾಗ ಮಕ್ಕಳ ಉತ್ಸಾಹ ಮೂರನೇ ದಿನಕ್ಕೆ ಇಳಿಯುತ್ತದೆ. ಅದೇ ಗತಿ ಎಂದಾದರೆ ಒಟಿಜಿ ವಯರಿಗೆ ಒಂದು ಸಾಮಾನ್ಯ ಯುಎಸ್‌ಬಿ ಕೀಬೋರ್ಡ್ ಸಿಕ್ಕಿಸಿಕೊಳ್ಳಿ. ಇನ್ನೊಂದು ಮಾತು ನಮ್ಮೂರಿನವರಿಗೆ ಮಾತ್ರ: ಸಿಡಿಲಿನ ಕಾಟ ಜುಲೈಯಲ್ಲಿ ಅಷ್ಟಿಲ್ಲ, ಮೇ ತಿಂಗಳ ಸಂಜೆಗಳಲ್ಲಿ ಮತ್ತು ಅಕ್ಟೋಬರಿನಲ್ಲಿ ಜಾಸ್ತಿ. ಗುಡುಗು ಕೇಳಿದ ಕೂಡಲೇ ಚಾರ್ಜರನ್ನೂ ಇಂಟರ್ನೆಟ್ಟಿನ ವಯರನ್ನೂ ಕೀಳಿ. ಕಲಿಯುವ ಎರಡು ತಿಂಗಳಲ್ಲಿ ಒಂದು ಇದೇ ಮೇ.

ವಿಂಡೋಸಿನಲ್ಲಿ ಪೈಥಾನ್ ಹಾಕುವಾಗ ಮೊದಲ ಪರದೆಯ ಅಡಿಯಲ್ಲಿ "ಪಾತ್"ಗೆ (ವಿಂಡೋಸ್ ಪ್ರೋಗ್ರಾಮುಗಳನ್ನು ಹುಡುಕುವ ಜಾಗಗಳ ಪಟ್ಟಿ) ಸೇರಿಸುವ ಒಂದು ಚಿಕ್ಕ ಚೌಕ ಇರುತ್ತದೆ. ಅದಕ್ಕೆ ಟಿಕ್ ಹಾಕದೆ ಮುಂದೆ ಹೋದವರಿಗೆ, ಕಮಾಂಡ್ ಕಿಟಕಿಯಲ್ಲಿ ಪೈಥಾನ್ ಎಂದು ಹೊಡೆದಾಗ ಮೈಕ್ರೋಸಾಫ್ಟ್ ಸ್ಟೋರ್ ತೆರೆದುಕೊಳ್ಳುತ್ತದೆ. ಹಾಕಿದ ಪೈಥಾನ್ ಎಲ್ಲಿ ಹೋಯಿತೋ ಗೊತ್ತಾಗುವುದಿಲ್ಲ. ಹೊಸಬರಿಗೆ ಈ ತಲೆಬಿಸಿಯೇ ಬೇಡ. ಎಸ್ಟೋನಿಯಾದ ಟಾರ್ಟು ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ಥಾನಿ ಎಂಬ ಉಚಿತ ಎಡಿಟರ್ (ಪ್ರೋಗ್ರಾಂ ಬರೆಯುವ ಕಿಟಕಿ) ಹಾಕಿಕೊಳ್ಳಿ. ಪೈಥಾನ್ ಅದರ ಒಳಗೇ ಬರುತ್ತದೆ. ಅದರ ದೊಡ್ಡ ಗುಣ ಎಂದರೆ ಪ್ರೋಗ್ರಾಮನ್ನು ಒಂದೊಂದೇ ಹೆಜ್ಜೆ ನಡೆಸಿ, ಪಕ್ಕದಲ್ಲಿ ಯಾವ ಹೆಸರಿನಲ್ಲಿ ಈಗ ಯಾವ ಬೆಲೆ ಉಂಟು ಎಂದು ತೋರಿಸುವುದು. ಲೂಪ್ (ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಿಸುವುದು) ಅರ್ಥವಾಗದ ಮಗುವಿಗೆ ಹತ್ತು ಸಲ ವಿವರಿಸುವುದಕ್ಕಿಂತ ಹೀಗೆ ಒಂದು ಸಲ ತೋರಿಸುವುದು ಮೇಲು.

ಮೊದಲ ವಾರದಲ್ಲಿ ಎಲ್ಲರೂ ಬೀಳುವ ಗುಂಡಿಗಳು ಒಂದೇ. ಇನ್‌ಪುಟ್ (ಬಳಸುವವರು ಟೈಪ್ ಮಾಡಿದ್ದನ್ನು ಓದುವ ಆಜ್ಞೆ) ಕೊಡುವುದು ಯಾವಾಗಲೂ ಅಕ್ಷರಗಳ ಸಾಲು, ಸಂಖ್ಯೆ ಅಲ್ಲ; ಹಾಗಾಗಿ 5 ಮತ್ತು 3 ಕೂಡಿಸಿದರೆ 53 ಬರುತ್ತದೆ. 1ರಿಂದ 10ರ ರೇಂಜ್ (ಸಂಖ್ಯೆಗಳ ಸಾಲು) ಕೇಳಿದರೆ 9ಕ್ಕೇ ನಿಲ್ಲುತ್ತದೆ. ಟ್ಯಾಬ್ ಮತ್ತು ಸ್ಪೇಸ್ ಬೆರೆಸಿದರೆ ಕಣ್ಣಿಗೆ ನೇರ ಕಂಡ ಸಾಲು ಪೈಥಾನಿಗೆ ಸೊಟ್ಟ. ಇವೆಲ್ಲ ಅರ್ಧ ಗಂಟೆಯ ಪಾಡು. ದಿನವಿಡೀ ತಿನ್ನುವ ತಪ್ಪು ಬೇರೆಯೇ ಇದೆ: ಪೈಥಾನಿನ ಚಿತ್ರ ಬಿಡಿಸುವ ಸಲಕರಣೆ ಟರ್ಟಲ್ ಬಳಸಿ ರಂಗೋಲಿ ಬಿಡಿಸುವ ಪಾಠಕ್ಕೆ ಫೈಲಿನ ಹೆಸರನ್ನೂ "ಟರ್ಟಲ್" ಎಂದೇ ಇಡುವುದು. ಆಗ ಪೈಥಾನ್ ತನ್ನ ಟರ್ಟಲ್ ಬಿಟ್ಟು ಮಗುವಿನ ಫೈಲನ್ನೇ ಆಮದು ಮಾಡಿಕೊಂಡು, ಇದರಲ್ಲಿ ಅಂಥದ್ದೇನೂ ಇಲ್ಲ ಎಂದು ದೂರುತ್ತದೆ. "ರ‍್ಯಾಂಡಮ್" (ಪೈಥಾನಿನದೇ ಇನ್ನೊಂದು ಸಲಕರಣೆ) ಎಂಬ ಹೆಸರಿಟ್ಟರೂ ಇದೇ ಕಥೆ. ಹೆಸರು ಬದಲಿಸಿದರೆ ಸರಿಹೋಯಿತು.

ಕನ್ನಡ ಮಾಧ್ಯಮದ ಮಕ್ಕಳು ಕೆಂಪು ಅಕ್ಷರದ ಇಂಗ್ಲಿಷ್ ಸಂದೇಶ ಕಂಡ ಕೂಡಲೇ ಕಿಟಕಿ ಮುಚ್ಚುತ್ತಾರೆ. ಅದನ್ನು ಓದುವ ಕ್ರಮವನ್ನೇ ಮೊದಲು ಕಲಿಸಬೇಕು: ಕೆಳಗಿನಿಂದ ಮೇಲಕ್ಕೆ. ಕೊನೆಯ ಸಾಲಿನಲ್ಲಿ ತಪ್ಪಿನ ಜಾತಿ ಇರುತ್ತದೆ, ಅದರ ಮೇಲೆ ಸಾಲಿನ ಸಂಖ್ಯೆ. ನೇಮ್‌ಎರರ್ ಎಂದರೆ ಆ ಹೆಸರು ಇನ್ನೂ ಹುಟ್ಟಿಲ್ಲ ಅಥವಾ ಸ್ಪೆಲ್ಲಿಂಗ್ ತಪ್ಪು. ಟೈಪ್‌ಎರರ್ ಎಂದರೆ ಅಕ್ಷರಕ್ಕೂ ಸಂಖ್ಯೆಗೂ ಗಂಟು ಹಾಕಿದ್ದು. ವ್ಯಾಲ್ಯೂಎರರ್ ಎಂದರೆ ಜಾತಿ ಸರಿ, ಒಳಗಿನ ಮಾಲು ಸರಿಯಿಲ್ಲ. ಇಂಡೆಕ್ಸ್‌ಎರರ್ ಎಂದರೆ ಪಟ್ಟಿಯ ಆಚೆ ಕೈ ಹಾಕಿದ್ದು. ಇಂಥ ಎಂಟು ಹತ್ತು ಪದ ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಂಡರೆ ಮೊದಲ ಆರು ತಿಂಗಳಿಗೆ ಬೇಕಾದ ಇಂಗ್ಲಿಷ್ ಮುಗಿಯಿತು.

ಈಗ ನಿಜವಾದ ಕೆಲಸ. ದಕ್ಷಿಣ ಕನ್ನಡದ ಎಷ್ಟೋ ತೋಟದ ಮನೆಗಳಲ್ಲಿ ಅಜ್ಜಂದಿರು ಮಳೆಮಾಪಕ ಇಟ್ಟು ದಿನದ ಮಳೆ ಬರೆದಿಡುತ್ತಾರೆ. ಆ ಪುಸ್ತಕಕ್ಕಿಂತ ಒಳ್ಳೆಯ ಪ್ರಾಜೆಕ್ಟ್ ಯಾವ ಕೋಚಿಂಗ್ ಸೆಂಟರೂ ಕೊಡದು. ಒಂದು ಜುಲೈ ತಿಂಗಳ 31 ಸಾಲು ಸಿಎಸ್‌ವಿ ಫೈಲಿಗೆ ಟೈಪ್ ಮಾಡಿ: ದಿನಾಂಕ, ಅಲ್ಪವಿರಾಮ, ಮಿಲಿಮೀಟರು; ಎಲ್ಲದರ ಮೇಲೆ ತಲೆಬರಹದ ಒಂದು ಸಾಲು. ದಿನಾಂಕ ವರ್ಷದಿಂದ ಶುರುವಾಗಲಿ, 2025-07-01 ಎಂಬಂತೆ. ದಿನದಿಂದ ಶುರು ಮಾಡಿದರೆ ಅಕ್ಷರವಾಗಿ ಸಾರ್ಟ್ ಆಗುವಾಗ ಎಲ್ಲ ತಿಂಗಳ ಒಂದನೇ ತಾರೀಕು ಒಟ್ಟಿಗೆ ಬಂದು ಕೂರುತ್ತದೆ. ಇದೇ ಫೈಲನ್ನು ಎಕ್ಸೆಲ್‌ನಲ್ಲಿ ತೆರೆದು ಸೇವ್ ಮಾಡಿದಿರೋ, ಅದು ದಿನಾಂಕದ ರೂಪವನ್ನು ತನಗೆ ಬೇಕಾದಂತೆ ತಿರುಗಿಸಿಡುತ್ತದೆ. ನೋಡಲು ಮಾತ್ರ ತೆರೆಯಿರಿ, ಸೇವ್ ಮಾಡಬೇಡಿ.

ಫೈಲ್ ಓದಿ, ಅಲ್ಪವಿರಾಮದಲ್ಲಿ ಕತ್ತರಿಸಿ, ಎರಡನೆಯ ತುಂಡನ್ನು ಫ್ಲೋಟ್ (ದಶಾಂಶ ಸಂಖ್ಯೆ) ಮಾಡಿ ಕೂಡಿಸುವುದು ಆರು ಸಾಲಿನ ಪ್ರೋಗ್ರಾಂ. ಮೊದಲ ಓಟಕ್ಕೇ ಸಾಯುತ್ತದೆ, ಏಕೆಂದರೆ ಮೊದಲ ಸಾಲಿನಲ್ಲಿ "ಮಿ.ಮೀ." ಎಂಬ ತಲೆಬರಹ ಇದೆ. ಅದನ್ನು ದಾಟಿಸಿದರೆ ಕೊನೆಯ ಖಾಲಿ ಸಾಲಿನಲ್ಲಿ ಸಾಯುತ್ತದೆ. ಅದೂ ಆಯಿತೆಂದರೆ, ಅಜ್ಜ ಮಳೆ ಬಾರದ ದಿನ "ಇಲ್ಲ" ಎಂದು ಬರೆದದ್ದನ್ನು ಹಾಗೇ ಟೈಪ್ ಮಾಡಿರುತ್ತೀರಿ. ಇಲ್ಲೊಂದು ನಿಜವಾದ ಪ್ರಶ್ನೆ ಏಳುತ್ತದೆ: ಬರೆಯದೇ ಬಿಟ್ಟ ದಿನ ಸೊನ್ನೆಯೋ, ಗೊತ್ತಿಲ್ಲದ್ದೋ? ಮದುವೆ ಮನೆಗೆ ಹೋಗಿ ಎರಡು ದಿನ ಅಳತೆ ತಪ್ಪಿದ್ದರೆ ಅದಕ್ಕೆ ಸೊನ್ನೆ ಹಾಕುವುದು ಸುಳ್ಳು ಲೆಕ್ಕ. ಎರಡನ್ನೂ ಬೇರೆ ಬೇರೆ ಇಡಲು ಕಲಿತ ಹುಡುಗಿ ಮುಂದೆ ಡೇಟಾಬೇಸಿನಲ್ಲಿ "ನಲ್" ಎಂದರೇನು ಎಂದು ಬಾಯಿಪಾಠ ಮಾಡಬೇಕಾಗಿಲ್ಲ.

ತಿಂಗಳ ಮೊತ್ತಕ್ಕೆ ಡಿಕ್ಷನರಿ ಬಳಸಿ, ಅಂದರೆ ಒಂದೊಂದು ಕೀಲಿಗೆ ಒಂದೊಂದು ಬೆಲೆ ಜೋಡಿಸಿಟ್ಟ ಪಟ್ಟಿ. ದಿನಾಂಕದ ಮೊದಲ ಏಳು ಅಕ್ಷರವೇ ಕೀಲಿ. ಹವಾಮಾನ ಇಲಾಖೆಯ ಲೆಕ್ಕದ ಜೊತೆ ಹೋಲಿಸಿದಾಗ ತಿಂಗಳ ಕೊನೆಯಲ್ಲಿ ತಾಳೆ ಬೀಳದಿದ್ದರೆ ಪ್ರೋಗ್ರಾಮನ್ನು ಬೈಯಬೇಡಿ. ಇಲಾಖೆ ಬೆಳಿಗ್ಗೆ 8.30ಕ್ಕೆ ಅಳೆದು, ಹಿಂದಿನ 24 ಗಂಟೆಯ ಮಳೆಯನ್ನು ಅಳೆದ ದಿನದ ಹೆಸರಿಗೆ ಬರೆಯುತ್ತದೆ. ಅಜ್ಜ ಅದನ್ನು ನಿನ್ನೆಯ ಮಳೆ ಎಂದು ನಿನ್ನೆಯ ಸಾಲಿಗೇ ಬರೆದಿರಬಹುದು. ಮೊತ್ತದ ಕೊನೆಗೆ 0.30000000000000004ರಂಥ ಬಾಲ ಕಂಡರೆ ಅದು ದಶಾಂಶವನ್ನು ದ್ವಿಮಾನದಲ್ಲಿ (ಕಂಪ್ಯೂಟರಿನ 0, 1ರ ಲೆಕ್ಕ) ಪೂರ್ತಿ ಹಿಡಿದಿಡಲು ಆಗದ್ದರ ಫಲ. ತೋರಿಸುವಾಗ ಮಾತ್ರ ರೌಂಡ್ ಮಾಡಿ.

ಇನ್ನು ಇಫ್-ಎಲ್ಸ್ (ಹೀಗಿದ್ದರೆ ಇದು, ಇಲ್ಲವಾದರೆ ಅದು) ಕಲಿಯಲು ಇಲಾಖೆಯ ವರ್ಗೀಕರಣವೇ ಸಾಕು. ದಿನಕ್ಕೆ 64.5ರಿಂದ 115.5 ಮಿ.ಮೀ. ಭಾರೀ ಮಳೆ, 115.6ರಿಂದ 204.4 ಅತಿ ಭಾರೀ, ಅದಕ್ಕೂ ಮೇಲಿನದು ಅತ್ಯಂತ ಭಾರೀ. ಮಕ್ಕಳು ಇದನ್ನು ಪುಸ್ತಕದ ಕ್ರಮದಲ್ಲೇ ಬರೆಯುತ್ತಾರೆ: 64.5ಕ್ಕಿಂತ ಹೆಚ್ಚಿದ್ದರೆ ಭಾರೀ, ಇಲ್ಲವಾದರೆ ಮುಂದಿನದು. 210 ಮಿ.ಮೀ. ಸುರಿದ ದಿನವೂ "ಭಾರೀ" ಎಂದೇ ಬರುತ್ತದೆ, ಏಕೆಂದರೆ ಮೊದಲ ಷರತ್ತೇ ನಿಜವಾಗಿ ಉಳಿದವನ್ನು ಅದು ನೋಡುವುದೇ ಇಲ್ಲ. ದೊಡ್ಡದರಿಂದ ಕೆಳಗಿಳಿಯಬೇಕು. ಕೆಲವರು ಜಾಣತನ ಮಾಡಿ ಎರಡೂ ತುದಿ ಬರೆಯುತ್ತಾರೆ. ಆಗ ಎರಡು ಮಾಪಕದ ಸರಾಸರಿ 115.55 ಬಂದರೆ ಅದು ಯಾವ ವರ್ಗಕ್ಕೂ ಸೇರದೆ ಸದ್ದಿಲ್ಲದೆ ಮಾಯವಾಗುತ್ತದೆ. ದೋಷಸಂದೇಶ ಬರುವ ತಪ್ಪಿಗಿಂತ ಹೀಗೆ ಸುಮ್ಮನೆ ಕೂರುವ ತಪ್ಪು ಹತ್ತು ಪಾಲು ಅಪಾಯ. ಇದಕ್ಕೆ ಮದ್ದು ಒಂದೇ: 64.4, 64.5, 115.5, 115.6, 204.4, 204.5, ಸೊನ್ನೆ, ಖಾಲಿ. ಈ ಎಂಟನ್ನು ಪ್ರತಿ ಬದಲಾವಣೆಯ ನಂತರವೂ ಕೊಟ್ಟು ನೋಡುವುದು.

ಮುಂದಿನ ಹೆಜ್ಜೆ ಮನೆಯವರಿಗೆ ಬೇಕಾದ್ದು. ಒಂದು ಚದರ ಮೀಟರಿಗೆ ಒಂದು ಮಿ.ಮೀ. ಮಳೆ ಎಂದರೆ ಸರಿಯಾಗಿ ಒಂದು ಲೀಟರ್ ನೀರು. 1000 ಚದರ ಅಡಿಯ ಮಾಡು ಸುಮಾರು 93 ಚದರ ಮೀಟರ್, 100 ಮಿ.ಮೀ. ಸುರಿದರೆ 9,300 ಲೀಟರ್. ಎಪ್ರಿಲಿನಲ್ಲಿ ಬಾವಿ ಬತ್ತುವ ಮನೆಯಲ್ಲಿ ಈ ಸಂಖ್ಯೆ ತೋರಿಸಿದರೆ ಅಪ್ಪ ಲ್ಯಾಪ್‌ಟಾಪಿನ ಹತ್ತಿರ ಬಂದು ಕೂರುತ್ತಾರೆ, ಇನ್ನೊಂದು ಪ್ರಶ್ನೆ ಕೇಳುತ್ತಾರೆ. ಬೇರೆಯವರು ಪ್ರಶ್ನೆ ಕೇಳಲು ಶುರು ಮಾಡಿದ ಮೇಲೆಯೇ ಅದು ಸಾಫ್ಟ್‌ವೇರ್.

ತೋಟ ಇಲ್ಲದವರಿಗೆ ಯಕ್ಷಗಾನ ಮೇಳದ ತಿರುಗಾಟದ ಪಟ್ಟಿ ಇದೆ, ಅಂಗಡಿಯ ಸಾಲದ ಪುಸ್ತಕ ಇದೆ, ಅಡಿಕೆ ಮಾರಿದ ಚೀಟಿಗಳಿವೆ. ಅಡಿಕೆಯದ್ದು ಎರಡನೇ ಪ್ರಾಜೆಕ್ಟಿಗೆ ಬಹಳ ಚೆಂದ. ಹೊಸ ಚಾಲಿ, ಹಳೆ ಚಾಲಿ, ಪಟೋರ, ಉಳ್ಳಿ, ಕರಿಗೋಟು: ಒಂದೊಂದಕ್ಕೆ ಒಂದೊಂದು ದರ, ದರ ದಿನವೂ ಬದಲು. ದರವನ್ನು ಇಂದಿನದೊಂದೇ ಇಟ್ಟುಕೊಂಡರೆ ಹೋದ ತಿಂಗಳ ಬಿಲ್ಲೂ ಇಂದಿನ ದರಕ್ಕೆ ತಿರುಗಿಬಿಡುತ್ತದೆ. ಮಾರಿದ ದಿನದ ದರವನ್ನು ಮಾರಾಟದ ಸಾಲಿನಲ್ಲೇ ಬರೆದಿಡಬೇಕು. ಪೈಥಾನಿನ ಜೊತೆಗೇ ಬರುವ ಪುಟ್ಟ ಡೇಟಾಬೇಸ್ ಎಸ್‌ಕ್ಯೂಲೈಟ್‌ನಲ್ಲಿ ಇದನ್ನು ಮಾಡಿದವರಿಗೆ ಎರಡನೇ ಪಿಯುಸಿಯ ಎಸ್‌ಕ್ಯೂಎಲ್ (ಡೇಟಾಬೇಸಿಗೆ ಪ್ರಶ್ನೆ ಕೇಳುವ ಭಾಷೆ) ಅಧ್ಯಾಯ ಹಳೆಯ ಪರಿಚಯ.

ಕನ್ನಡ ಅಕ್ಷರದ ಆಟವನ್ನೂ ಬಿಡಬೇಡಿ. ಪೈಥಾನಿನಲ್ಲಿ ಹೆಸರುಗಳನ್ನೇ ಕನ್ನಡದಲ್ಲಿ ಇಡಬಹುದು. ಮಳೆ, ಒಟ್ಟು, ದರ ಎಲ್ಲ ನಡೆಯುತ್ತದೆ. "೧೨" ಎಂದು ಕನ್ನಡ ಅಂಕಿಯಲ್ಲಿ ಟೈಪ್ ಮಾಡಿ ಕೊಟ್ಟರೂ ಇಂಟ್ (ಪೂರ್ಣಾಂಕವಾಗಿ ಓದುವ ಆಜ್ಞೆ) ಅದನ್ನು 12 ಎಂದೇ ಓದುತ್ತದೆ. ಆದರೆ "ಉಡುಪಿ"ಯ ಉದ್ದ ಕೇಳಿದರೆ 3 ಬರುವುದಿಲ್ಲ, 5 ಬರುತ್ತದೆ: ಉ, ಡ, ಉಕಾರದ ಕೊಂಬು, ಪ, ಇಕಾರದ ಗುಡಿಸು, ಎಲ್ಲ ಬೇರೆ ಬೇರೆ. ತಿರುಗಿಸಿ ಬರೆಯಲು ಹೇಳಿದರೆ ಗುಡಿಸು ಅನಾಥವಾಗಿ ಮುಂದೆ ಬಂದು ನಿಲ್ಲುತ್ತದೆ. ಪದ ತಿರುಗಿಸುವುದು ಎಲ್ಲ ಪಠ್ಯಪುಸ್ತಕದ ಲೆಕ್ಕ, ಇಂಗ್ಲಿಷಿಗೆ ಮಾಡಿಟ್ಟ ಲೆಕ್ಕ. ಕನ್ನಡಕ್ಕೆ ಸರಿಯಾಗಿ ಮಾಡಲು ಹೊರಟ ಹುಡುಗನಿಗೆ ಯುನಿಕೋಡ್ (ಎಲ್ಲ ಲಿಪಿಗಳ ಅಕ್ಷರಕ್ಕೂ ಒಂದೊಂದು ಸಂಖ್ಯೆ ಕೊಡುವ ವ್ಯವಸ್ಥೆ) ತಾನಾಗಿ ಅರ್ಥವಾಗುತ್ತದೆ. ವಿಂಡೋಸಿನಲ್ಲಿ ಕನ್ನಡ ಫೈಲ್ ತೆರೆಯುವಾಗ ಎನ್‌ಕೋಡಿಂಗ್ (ಅಕ್ಷರಗಳನ್ನು ಫೈಲಿನಲ್ಲಿ ಬರೆದಿಡುವ ರೀತಿ) ಯುಟಿಎಫ್-8 ಎಂದು ಹೇಳದಿದ್ದರೆ ಕಸ ಬರುತ್ತದೆ, ಇಲ್ಲವೇ ನಿಂತೇಹೋಗುತ್ತದೆ. ತುಳು-ತಿಗಳಾರಿ ಲಿಪಿ 2024ರ ಸೆಪ್ಟೆಂಬರಿನಲ್ಲಿ ಯುನಿಕೋಡ್ 16ಕ್ಕೆ ಸೇರಿತು. ಅದಕ್ಕೆ ಕೀಲಿಮಣೆ, ಪದಪರೀಕ್ಷಕ ಮಾಡುವ ಕೈಗಳು ಇಲ್ಲಿಂದಲೇ ಬರಬೇಕಷ್ಟೆ, ಬೇರೆಲ್ಲಿಂದ ಬರುತ್ತವೆ ಮಾರಾಯ್ರೆ?

ಚಾಟ್‌ಜಿಪಿಟಿಯಂಥವುಗಳ ವಿಷಯ. ನಿಷೇಧಿಸಿ ಪ್ರಯೋಜನ ಇಲ್ಲ, ಕದ್ದು ಬಳಸುತ್ತಾರೆ. ಬಳಸುವ ಕ್ರಮ ಕಲಿಸಬೇಕು. ಮೊದಲ 20 ನಿಮಿಷ ತಾನೇ ಪರದಾಡಬೇಕು. ಆಮೇಲೆ ಕೋಡ್ ಬರೆದುಕೊಡು ಎಂದು ಕೇಳದೆ, ಈ ದೋಷಸಂದೇಶದ ಅರ್ಥವೇನು ಎಂದು ಕೇಳಬೇಕು. ಬಂದ ಉತ್ತರ ಓದಿ, ಕಿಟಕಿ ಮುಚ್ಚಿ, ಖಾಲಿ ಫೈಲಿನಲ್ಲಿ ಮತ್ತೆ ಬರೆಯಬೇಕು. ಬರೆಯಲು ಬಾರದಿದ್ದರೆ ಅರ್ಥವಾಗಿಲ್ಲ ಎಂದೇ ಲೆಕ್ಕ. ಮಳೆಯ ವರ್ಗೀಕರಣವನ್ನು ಅದರಿಂದಲೇ ಬರೆಸಿ, ಮೇಲಿನ ಎಂಟು ಸಂಖ್ಯೆ ಮತ್ತು 115.55 ಕೊಟ್ಟು ಪರೀಕ್ಷಿಸುವುದು ಒಳ್ಳೆಯ ಅಭ್ಯಾಸ. ಖಾಲಿ ದಿನವನ್ನು ಕೇಳದೆಯೇ ಸೊನ್ನೆ ಮಾಡಿಟ್ಟಿದೆಯೇ ಎಂದೂ ನೋಡಿ. ಇಲ್ಲದ ಲೈಬ್ರರಿಯ (ಬೇರೆಯವರು ಬರೆದಿಟ್ಟ ಸಿದ್ಧ ಕೋಡ್) ಹೆಸರನ್ನು ಇದೆ ಎಂಬಂತೆ ಧೈರ್ಯವಾಗಿ ಹೇಳುವ ಚಾಳಿಯೂ ಅದಕ್ಕುಂಟು.

ಪ್ರೋಗ್ರಾಮಿನ ಪ್ರತಿ ಬದಲಾವಣೆಯನ್ನೂ ದಾಖಲಿಸಿಡುವ ಗಿಟ್ ಕಲಿಯಲು ಒಂದು ದಿನ ಸಾಕು; ಅದನ್ನು ಇಂಟರ್ನೆಟ್ಟಿನಲ್ಲಿ ಇಡುವ ಗಿಟ್‌ಹಬ್ ಖಾತೆಗೆ 13 ವರ್ಷ ತುಂಬಿರಬೇಕು. ಅಂಗಡಿಯ ಸಾಲದ ಪುಸ್ತಕವನ್ನು ಗಿರಾಕಿಗಳ ಹೆಸರು, ಫೋನ್ ನಂಬರ್ ಸಮೇತ ಅಲ್ಲಿ ಹಾಕಬೇಡಿ. ಮಾದರಿಗೆ ಸುಳ್ಳು ಹೆಸರಿನ ಐದು ಸಾಲು ಸಾಕು. ಒಮ್ಮೆ ಹಾಕಿ ಅಳಿಸಿದರೂ ಹಳೆಯ ದಾಖಲೆಯಾದ ಕಮಿಟ್‌ನಲ್ಲಿ ಉಳಿದಿರುತ್ತದೆ.

ಪಿಯುಸಿಗೆ ಯಾವ ಕಾಂಬಿನೇಷನ್ ಎಂಬ ಪ್ರಶ್ನೆಗೆ ಪೋಷಕರು ಪಡುವಷ್ಟು ಗಾಬರಿ ಬೇಡ. ಕಂಪ್ಯೂಟರ್ ಸೈನ್ಸ್ ಎಂಜಿನಿಯರಿಂಗಿಗೆ ಪಿಯುಸಿಯಲ್ಲಿ ಕಂಪ್ಯೂಟರ್ ಸೈನ್ಸ್ ಓದಿರಲೇಬೇಕೆಂದಿಲ್ಲ; ಭೌತಶಾಸ್ತ್ರ, ಗಣಿತ ಬೇಕೇ ಬೇಕು. ಗಣಿತ ಬಿಟ್ಟರೆ ಬಾಗಿಲು ಮುಚ್ಚಿದ ಹಾಗೆ. ಪಿಸಿಎಂಸಿ (ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ, ಕಂಪ್ಯೂಟರ್ ಸೈನ್ಸ್) ತೆಗೆದುಕೊಂಡವರಿಗೆ ಹಿಂದಿನ ಸಿ++ ಹೋಗಿ ಈಗ ಪೈಥಾನ್ ಬಂದಿದೆ; 30 ಅಂಕದ ಪ್ರಾಕ್ಟಿಕಲ್ ಇದೆ. ಅದರ ಪ್ರೋಗ್ರಾಮುಗಳನ್ನು ಕೆಲವರು ಶ್ಲೋಕದಂತೆ ಬಾಯಿಪಾಠ ಮಾಡುತ್ತಾರೆ, ಅಂಕವೂ ಬರುತ್ತದೆ, ಅಷ್ಟೆ. ಐಸಿಎಸ್‌ಇ ಮಕ್ಕಳು ಜಾವಾದಿಂದ ಶುರು ಮಾಡಿರುತ್ತಾರೆ. ಅವರು ಪೈಥಾನಿಗೆ ಹಾರಬೇಕಾಗಿಲ್ಲ, ಅದೇ ಮಳೆ ಲೆಕ್ಕವನ್ನು ಜಾವಾದಲ್ಲೇ ಮಾಡಲಿ.

ಕಾಮರ್ಸಿನವರು ಸಿಇಬಿಎ (ಕಂಪ್ಯೂಟರ್ ಸೈನ್ಸ್, ಅರ್ಥಶಾಸ್ತ್ರ, ವ್ಯವಹಾರ ಅಧ್ಯಯನ, ಲೆಕ್ಕಶಾಸ್ತ್ರ) ತೆಗೆದುಕೊಂಡು ಬಿಸಿಎ, ಆಮೇಲೆ ಎರಡು ವರ್ಷದ ಎಂಸಿಎ ಮಾಡಬಹುದು. ಎಸ್ಸೆಸ್ಸೆಲ್ಸಿಯ ನಂತರ ಕದ್ರಿಯ ಕೆಪಿಟಿಯಂಥ ಪಾಲಿಟೆಕ್ನಿಕ್ಕಿನಲ್ಲಿ ಮೂರು ವರ್ಷ ಡಿಪ್ಲೊಮಾ ಮಾಡಿ, ಡಿಸಿಇಟಿ (ಡಿಪ್ಲೊಮಾದವರ ಪ್ರವೇಶ ಪರೀಕ್ಷೆ) ಬರೆದು ಎಂಜಿನಿಯರಿಂಗಿನ ಎರಡನೇ ವರ್ಷಕ್ಕೆ ನೇರ ಸೇರುವ ದಾರಿಯನ್ನು ಜನ ಸುಮ್ಮನೆ ಕೀಳಾಗಿ ನೋಡುತ್ತಾರೆ. ಮನೆಯ ಖರ್ಚು ನೋಡುವವರಿಗೆ ಅದು ಬಹಳ ಲೆಕ್ಕಾಚಾರದ ದಾರಿ. ಸುರತ್ಕಲ್‌ನ ಎನ್‌ಐಟಿಕೆಗೆ ಜೆಇಇ ಮೇನ್ ಬೇಕು, ಅರ್ಧ ಸೀಟು ರಾಜ್ಯದವರಿಗೆ. ಐಐಟಿ ಮದ್ರಾಸಿನ ಆನ್‌ಲೈನ್ ಡೇಟಾ ಸೈನ್ಸ್ ಬಿಎಸ್‌ಗೆ ಜೆಇಇ ಬೇಡ. ನಾಲ್ಕು ವಾರದ ಪಾಠ ಓದಿ ಅರ್ಹತಾ ಪರೀಕ್ಷೆ ಪಾಸಾದರೆ ಪ್ರವೇಶ, ಬಿಕಾಂ ಓದುತ್ತಲೂ ಮಾಡಬಹುದು. ಒಗಟು ಬಿಡಿಸುವ ಹುಚ್ಚಿರುವ ಮಕ್ಕಳು ಜೋನಲ್ ಇನ್‌ಫರ್ಮ್ಯಾಟಿಕ್ಸ್ ಒಲಿಂಪಿಯಾಡ್ ನೋಡಲಿ. ಅದಕ್ಕೆ ಕೋಡಿಂಗ್ ಬರಬೇಕಾಗಿಯೇ ಇಲ್ಲ, ಕಾಗದದ ಮೇಲೆ ಯೋಚಿಸಿದರೆ ಸಾಕು.

ಕೆಲಸದ ಮಾತು. 1996ರಲ್ಲಿ ಉಡುಪಿಯಲ್ಲಿ ಶುರುವಾದ ರೋಬೋಸಾಫ್ಟ್, ಅಲ್ಲೇ ಮೊಬೈಲ್ ಆಟ ಮಾಡುವ 99ಗೇಮ್ಸ್, ಮುಡಿಪುವಿನ ಇನ್ಫೋಸಿಸ್ ಕ್ಯಾಂಪಸ್ಸು ಇವನ್ನೆಲ್ಲ ನೋಡಿದರೆ ಬೆಂಗಳೂರಿಗೆ ಹೋಗದೆಯೂ ಈ ಕಸುಬು ನಡೆಯುತ್ತದೆ ಎನ್ನಲು ತೊಂದರೆ ಇಲ್ಲ. ಆದರೆ ದೊಡ್ಡ ಸೇವಾ ಕಂಪನಿಗಳಲ್ಲಿ ಹೊಸಬರ ಸಂಬಳ ವರ್ಷಕ್ಕೆ ಮೂರೂವರೆ ಲಕ್ಷದ ಆಸುಪಾಸಿನಲ್ಲೇ ಹತ್ತು ವರ್ಷದಿಂದ ಕುಂತಿದೆ, ಅಡಿಕೆ ದರದಂತೆ ಏರಿಲ್ಲ. ಹೊಸಬರಿಗೆ ಕೊಡುತ್ತಿದ್ದ ಫಾರಂ ಬರೆಯುವ, ಟೆಸ್ಟ್ ಬರೆಯುವ ಸಣ್ಣ ಕೆಲಸಗಳನ್ನು ಈಗ ಎಐ ಮಾಡಿಕೊಡುತ್ತದೆ. ಹಾಗಾಗಿ ಪೈಥಾನ್ ಬರುತ್ತದೆ ಎಂಬ ಒಂದೇ ಸಾಲಿಗೆ ಬೆಲೆ ಇಳಿದಿದೆ. ಬೇರೆಯವರು ಅಥವಾ ಯಂತ್ರ ಬರೆದದ್ದನ್ನು ಓದಿ, 115.55 ಎಲ್ಲಿ ಕಳೆದುಹೋಗುತ್ತದೆ ಎಂದು ಹೇಳಬಲ್ಲವರಿಗೆ ಇಳಿದಿಲ್ಲ.

ಬ್ಯಾಂಕುಗಳ ತವರಾದ ಈ ಜಿಲ್ಲೆಗಳಲ್ಲಿ ಒಂದು ದಾರಿ ಮಾತ್ರ ಯಾಕೋ ಯಾರಿಗೂ ನೆನಪಾಗುವುದಿಲ್ಲ: ಐಬಿಪಿಎಸ್ ಸಂಸ್ಥೆ ಸರ್ಕಾರಿ ಬ್ಯಾಂಕುಗಳಿಗಾಗಿ ನಡೆಸುವ ಸ್ಪೆಷಲಿಸ್ಟ್ ಆಫೀಸರ್ ಪರೀಕ್ಷೆಯ ಐಟಿ ಹುದ್ದೆ. ಅದಕ್ಕೆ ಕಂಪ್ಯೂಟರ್ ಅಥವಾ ಎಲೆಕ್ಟ್ರಾನಿಕ್ಸ್ ವಿಭಾಗದ ಎಂಜಿನಿಯರಿಂಗ್ ಅಥವಾ ಎಂಸಿಎಯಂಥ ಸ್ನಾತಕೋತ್ತರ ಪದವಿ, ಇಲ್ಲವೇ ಪದವಿಯ ಜೊತೆ ಡಿಒಇಎಸಿಸಿ "ಬಿ" ಲೆವೆಲ್ ಎಂಬ ಕಂಪ್ಯೂಟರ್ ಪರೀಕ್ಷೆ ಪಾಸಾಗಿರಬೇಕು, ಬರೀ ಬಿಸಿಎ ಸಾಲದು. ಇದನ್ನು ಬಿಸಿಎ ಮುಗಿದ ಮೇಲೆ ತಿಳಿದುಕೊಂಡರೆ ಎರಡು ವರ್ಷ ಹಿಂದೆ ಬಿದ್ದ ಹಾಗೆ.

ಇಷ್ಟಾಗಿಯೂ ಕೋಚಿಂಗಿಗೇ ಸೇರಿಸುವುದಾದರೆ ಫೀಸು ಕಟ್ಟುವ ಮೊದಲು ಅಲ್ಲಿ ನಾಲ್ಕು ಪ್ರಶ್ನೆ ಕೇಳಿ. ಒಂದು ಗಂಟೆಯಲ್ಲಿ ಮಗು ಎಷ್ಟು ಹೊತ್ತು ತಾನೇ ಟೈಪ್ ಮಾಡುತ್ತದೆ? ಅರ್ಧ ಗಂಟೆಗಿಂತ ಕಮ್ಮಿ ಎಂದರೆ ಅದು ವಿಡಿಯೋ ನೋಡಿದಷ್ಟೇ. ನೀಲಿ ಪರದೆಯ ಹಳೆಯ ಟರ್ಬೊ ಸಿ++ ಸಾಫ್ಟ್‌ವೇರ್ ಇನ್ನೂ ಇದೆಯೇ? ಇದ್ದರೆ ಎದ್ದು ಬನ್ನಿ. ಅದರಲ್ಲಿ ಇಂಟ್ 32767 ದಾಟಿದರೆ ಮೈನಸ್ ಆಗುತ್ತದೆ, ಅಲ್ಲಿ ಕಲಿತ ಪ್ರೋಗ್ರಾಂ ಇಂದಿನ ಕಂಪೈಲರಿನಲ್ಲಿ (ಕೋಡನ್ನು ಯಂತ್ರದ ಭಾಷೆಗೆ ತಿರುಗಿಸುವ ಪ್ರೋಗ್ರಾಂ) ಹೆಚ್ಚಾಗಿ ಹಾಗೆಯೇ ಓಡುವುದೂ ಇಲ್ಲ. ಹೋದ ಬ್ಯಾಚಿನ ಮಕ್ಕಳು ಮಾಡಿದ ಪ್ರಾಜೆಕ್ಟುಗಳನ್ನು ತೋರಿಸುತ್ತೀರಾ? ಹತ್ತೂ ಮಕ್ಕಳದ್ದು ಒಂದೇ ಲೈಬ್ರರಿ ಮ್ಯಾನೇಜ್‌ಮೆಂಟ್ ಆಗಿದ್ದರೆ ಉತ್ತರ ಸಿಕ್ಕಿತು. ಕೊನೆಯದು: ನಾವೇ ತಂದ ಡೇಟಾದ ಮೇಲೆ ಕೆಲಸ ಮಾಡಿಸುತ್ತೀರಾ? ಹೂಂ ಎಂದರೆ ಅಜ್ಜನ ಮಳೆ ಪುಸ್ತಕವನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಕಳಿಸಿ. ಅದರ ಒಂದೊಂದು ಪುಟದ ಫೋಟೋ ತೆಗೆದಿಟ್ಟುಕೊಂಡ ಮೇಲೆ.